ಲಾಲ್‌ಬಾಗಿನ ಖರ್ಚು ಯಾರದು?

ಹೈದರಾಲಿ ಲಾಲ್‌ಬಾಗನ್ನು ನಿರ್ಮಿಸಿದ, ಟಿಪ್ಪು ಬೆಳೆಸಿದ ಎಂಬಲ್ಲಿಗೆ ನಮ್ಮ ಚರಿತ್ರೆಯ ಪುಸ್ತಕಗಳು ಸುಮ್ಮನಾಗುತ್ತವೆ. ನನ್ನ ಕುತೂಹಲವಿರುವುದು ಅನಂತರದ ಕಥೆಯಲ್ಲಿ: ಅರಸರು ಹೋದ ಮೇಲೆ ಮಾಲಿಗಳಿಗೆ ಸಂಬಳ ಕೊಟ್ಟವರಾರು? 1836ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ತೋಟವನ್ನು ಕೃಷಿ-ತೋಟಗಾರಿಕೆಯ ಸಂಘವೊಂದಕ್ಕೆ ಒಪ್ಪಿಸಿದರು. ಉತ್ಸಾಹಿಗಳ ಆ ಸಂಘ ಬಾಳಿದ್ದು ಆರೇ ವರ್ಷ. 1842ರಲ್ಲಿ ಅದು ವಿಸರ್ಜನೆಗೊಂಡು ತೋಟ ಸರ್ಕಾರಕ್ಕೆ ಮರಳಿತು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಬೊಕ್ಕಸದ ಆಸರೆಯಿದ್ದುದರಿಂದಲೇ ಮುಂದೆ ಕ್ರುಂಬಿಗಲ್ಲರಂಥವರು ಅಲ್ಲಿ ನಿಶ್ಚಿಂತೆಯಿಂದ ದುಡಿದರೆಂದು ನನ್ನ ಎಣಿಕೆ. ಆದರೆ ಬೊಕ್ಕಸದ ಒಡೆಯನೇ ನೆಲದ ಒಡೆಯನೂ ಆದಾಗ ಕಾವಲು ಯಾರದು? 1975ರಲ್ಲಿ ಉದ್ಯಾನಗಳ ಸಂರಕ್ಷಣೆಗೆ ಶಾಸನವೇನೋ ಬಂತು: ಲಾಲ್‌ಬಾಗ್, ಕಬ್ಬನ್ ಪಾರ್ಕುಗಳ ನೆಲವನ್ನು ಪರಭಾರೆ ಮಾಡುವಂತಿಲ್ಲ. 2009ರಲ್ಲಿ ಮೆಟ್ರೋ ರೈಲಿಗೆ ಲಾಲ್‌ಬಾಗಿನ ಅಂಚು ಬೇಕಾಯಿತು. ಸರ್ಕಾರ ಆ ಶಾಸನವನ್ನೇ ತಿದ್ದಿ ಅಂಚನ್ನು ಬಿಟ್ಟುಕೊಟ್ಟಿತು.