ಅಂಕದಿಂದ ಅಧಿಕಾರಕ್ಕೆ: ಪಾತ್ರಧಾರಣೆಯ ಆಟಗಳಲ್ಲಿ ವೀರನ ಬೆಳವಣಿಗೆ

ಚಿತ್ರದುರ್ಗ: ಮೊದಲು ಹೊಳಲ್ಕೆರೆಯ ನಾಯಕತನ, ಅನಂತರ ಹಿರಿಯೂರು, ಕೊನೆಗೆ ಚಿತ್ರದುರ್ಗ. ಸೈನಿಕ ಸೇವೆಗೆ ಮೆಚ್ಚಿ ವಿಜಯನಗರದ ಅರಸರು ನೀಡಿದ ಪದವಿಗಳನ್ನು ಮತ್ತಿ ತಿಮ್ಮಣ್ಣ ನಾಯಕ ಏರಿದ ಕ್ರಮವಿದು. ಇಂಥ ಏರಿಕೆಯನ್ನು ಅಂಕಗಳ ಲೆಕ್ಕಕ್ಕೆ ಅಳವಡಿಸಿದ ಆಟವೊಂದು 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದುವೇ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’.

ಆಟದ ಸ್ವರೂಪ

ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು ಆಡುವ ಆಟವಿದು. ಒಬ್ಬ ಸೂತ್ರಧಾರನಾಗಿ ಸನ್ನಿವೇಶವನ್ನು ವಿವರಿಸುತ್ತಾನೆ. ಉಳಿದವರು ತಲಾ ಒಬ್ಬ ವೀರನ ಪರವಾಗಿ ಮಾತನಾಡುತ್ತಾರೆ. ಸಂಶಯವಿದ್ದಲ್ಲಿ ದಾಳ ತೀರ್ಮಾನಿಸುತ್ತದೆ. ಒಂದೇ ಕಥೆ ವಾರದಿಂದ ವಾರಕ್ಕೆ, ಕೆಲವೆಡೆ ವರ್ಷಗಟ್ಟಲೆ ಸಾಗುತ್ತದೆ.

ವೀರ ಮೊದಲನೆಯ ಹಂತದಿಂದ ಆರಂಭಿಸಿ, ಅನುಭವದ ಅಂಕ ಗಳಿಸಿ ಮೇಲೇರುತ್ತಾನೆ. 1974ರ ನಿಯಮದಂತೆ ಎರಡನೆಯ ಹಂತಕ್ಕೆ ಯೋಧನಿಗೆ 2,000, ಮಾಂತ್ರಿಕನಿಗೆ 2,500, ಪುರೋಹಿತನಿಗೆ 1,500 ಅಂಕ ಬೇಕಿತ್ತು. ಒಂಬತ್ತನೆಯ ಹಂತ ತಲುಪಿದ ಯೋಧ ಕೋಟೆ ಕಟ್ಟಿ, ಸುತ್ತಲ ಸೀಮೆಯಿಂದ ತೆರಿಗೆ ಎತ್ತಬಹುದಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆತ ಪಾಳೆಯಗಾರನಾಗುತ್ತಿದ್ದ.

ಅಂಕ ಯಾವುದಕ್ಕೆ?

ಆಟಗಾರರ ನಡೆಯನ್ನು ನಿರ್ಧರಿಸುವುದು ಈ ಪ್ರಶ್ನೆಯೇ. ಆರಂಭದಲ್ಲಿ ಶತ್ರುವಧೆಯ ಜೊತೆಗೆ, ಹೊತ್ತು ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದೊಂದು ಅಂಕವಿತ್ತು. 1975ರ ಪೂರಕ ಪುಸ್ತಕ ವಧೆಯ ಅಂಕವನ್ನು ತಗ್ಗಿಸಿದ ಮೇಲೆ, ಕಾದಾಡದೆ ನಿಧಿ ಸಾಗಿಸುವುದೇ ಜಾಣತನವಾಯಿತು. 1989ರ ಆವೃತ್ತಿ ನಾಣ್ಯದ ಅಂಕವನ್ನು ಐಚ್ಛಿಕಗೊಳಿಸಿತು. 2000ದ ಆವೃತ್ತಿಯಲ್ಲಿ ಎದುರಾಳಿಯನ್ನು ಮಣಿಸುವುದೇ ಗಳಿಕೆಯ ಮುಖ್ಯ ಮಾರ್ಗವಾಯಿತು. 2014ರ ಆವೃತ್ತಿಯು ಅಂಕಗಳ ಪಟ್ಟಿಯನ್ನು ಉಳಿಸಿಕೊಂಡೇ, ಕಥೆಯ ಮಹತ್ವದ ಘಟ್ಟ ದಾಟಿದಾಗ ಸೂತ್ರಧಾರ ನೇರವಾಗಿ ಬಡ್ತಿ ನೀಡುವ ಪರ್ಯಾಯವನ್ನೂ ಸೂಚಿಸಿತು.

1978ರ ‘ರೂನ್‌ಕ್ವೆಸ್ಟ್’ ಆಟದ ದಾರಿ ಬೇರೆ. ಅಲ್ಲಿ ಹಂತಗಳೇ ಇಲ್ಲ. ಸಫಲವಾಗಿ ಬಳಸಿದ ಕೌಶಲ ಬೆಳೆಯಬಲ್ಲದು. ಅದಕ್ಕೂ ದಾಳದ ಸಂಖ್ಯೆ ಈಗಿರುವ ಕೌಶಲವನ್ನು ಮೀರಬೇಕು. ಹಾಗಾಗಿ ನುರಿತವನ ಕಲಿಕೆ ನಿಧಾನ.

ಒನಕೆ ಓಬವ್ವನ ನಿದರ್ಶನ

ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿದ ಹೈದರಾಲಿಯ ಸೈನಿಕರನ್ನು ಓಬವ್ವ ಒನಕೆಯಿಂದ ಹೊಡೆದುರುಳಿಸಿದ ಪ್ರಸಂಗವನ್ನೇ ಆಟವಾಗಿ ಭಾವಿಸಬಹುದು. ನಾಣ್ಯದ ಲೆಕ್ಕದಲ್ಲಿ ಆಕೆಗೆ ಏನೂ ದಕ್ಕದು. ವಧೆಯ ಲೆಕ್ಕದಲ್ಲಿ ತಲೆಗಿಷ್ಟು ಅಂಕ. ಕೌಶಲದ ಲೆಕ್ಕದಲ್ಲಿ ಒನಕೆಯ ಬೀಸು ಪಳಗುತ್ತದೆ. ಕೋಟೆ ಉಳಿಯಿತೆಂಬುದನ್ನೇ ಗಣಿಸುವುದು ಘಟ್ಟದ ಪದ್ಧತಿ ಮಾತ್ರ. ಸಾಹಸ ಒಂದೇ, ಅಳತೆಗೋಲು ನಾಲ್ಕು. ಆದ್ದರಿಂದ ದೀರ್ಘಕಾಲದ ಆಟಕ್ಕೆ ತೊಡಗುವ ಮುನ್ನವೇ ಯಾವ ಕೃತ್ಯಕ್ಕೆ ಬೆಲೆಯೆಂದು ತಂಡ ಒಮ್ಮತಕ್ಕೆ ಬರುವುದು ಒಳಿತು.

ಏರಿದವರ ಇಳಿಕೆ

ಹಳೆಯ ನಿಯಮಗಳಲ್ಲಿ ಕೆಲವು ಪ್ರೇತಗಳ ಸ್ಪರ್ಶಮಾತ್ರಕ್ಕೆ ಗಳಿಸಿದ ಹಂತವೇ ಕಳಚಿಹೋಗುತ್ತಿತ್ತು. ವರ್ಷಗಳ ಶ್ರಮ ಒಂದು ಸಂಜೆಯಲ್ಲಿ ಕರಗುವ ಭಯವಿತ್ತು. 2014ರ ನಿಯಮಗಳಲ್ಲಿ ಪ್ರೇತಸ್ಪರ್ಶಕ್ಕೆ ಆ ಶಕ್ತಿಯಿಲ್ಲ. ಅಲ್ಲಿ ದೇಹಬಲ ಕುಗ್ಗೀತು, ಹಂತ ಇಳಿಯದು. ಇತಿಹಾಸಕ್ಕೆ ಆ ಕರುಣೆಯಿಲ್ಲ. ಮೂರು ಮೆಟ್ಟಿಲೇರಿದ ತಿಮ್ಮಣ್ಣ ನಾಯಕ ಮುಂದೆ ಅರಸರ ಅವಕೃಪೆಗೆ ಗುರಿಯಾಗಿ, ವಿಜಯನಗರದ ಸೆರೆಯಲ್ಲೇ ಕೊನೆಯುಸಿರೆಳೆದನೆಂದು ದುರ್ಗದ ಚರಿತ್ರೆ ಹೇಳುತ್ತದೆ.