ಮೃದು ಹವಳಗಳು
ಸಮುದ್ರದ ತಳಕ್ಕೆ ಅಂಟಿಕೊಂಡು, ಹವಳದ ದಿಬ್ಬ ಕಟ್ಟುವ ಹವಳಗಳ ಹಾಗೆ ಕಲ್ಲಿನ ಮನೆ ಕಟ್ಟಿಕೊಳ್ಳದೆ ಬದುಕುವ ಹವಳ ಜೀವಿಗಳಿಗೆ ಮೃದು ಹವಳ ಎಂದು ಹೆಸರು. ಮೊದಲ ಬಾರಿ ನೋಡಿದವರು ಇವನ್ನು ಗಿಡವೆಂದೇ ಭಾವಿಸುತ್ತಾರೆ. ಆದರೆ ಇವು ಪ್ರಾಣಿಗಳು, ಅಂಬಲಿ ಮೀನಿನ ದೂರದ ನೆಂಟರು. ಒಂದೊಂದು ಹವಳವೂ ನೂರಾರು, ಸಾವಿರಾರು ಪುಟ್ಟ ಪಾಲಿಪ್‌ಗಳು ಕೂಡಿ ಬಾಳುವ ವಸಾಹತು. ಪ್ರತಿ ಪಾಲಿಪ್‌ನ ಬಾಯಿಯ ಸುತ್ತ ಎಂಟೇ ಎಂಟು ಕರಬಳ್ಳಿಗಳಿದ್ದು, ಅವುಗಳ ಎರಡೂ ಅಂಚಿನಲ್ಲಿ ಸಣ್ಣ ಎಳೆಗಳು ಸಾಲಾಗಿರುತ್ತವೆ. ಈ ಎಂಟರ ಲೆಕ್ಕದಿಂದಲೇ ಇವುಗಳ ವರ್ಗಕ್ಕೆ ಆಕ್ಟೋಕೊರಾಲಿಯ ಎಂಬ ಹೆಸರು ಬಂದಿದೆ. ಈವರೆಗೆ ಗುರುತಿಸಿರುವ ಪ್ರಭೇದಗಳು 3,000ಕ್ಕೂ ಹೆಚ್ಚು. ದಿಬ್ಬ ಕಟ್ಟುವ ಗಟ್ಟಿ ಹವಳಗಳಲ್ಲಿ ಕರಬಳ್ಳಿಗಳ ಲೆಕ್ಕ ಆರರದ್ದು, ಇಲ್ಲವೇ ಆರರ ಮಗ್ಗಿಯದ್ದು.

ಈ ಲೆಕ್ಕ ಹಿಡಿದು ಹೊರಟರೆ ಒಂದು ಸೋಜಿಗ ಎದುರಾಗುತ್ತದೆ. ನಮ್ಮ ಮನೆಗಳಲ್ಲಿ ಹವಳದ ಸರಕ್ಕೆ ಪೋಣಿಸುವ ಕೆಂಪು ಹವಳ, ಅಂದರೆ ಮೆಡಿಟರೇನಿಯನ್ ಸಮುದ್ರದ ಕೊರಾಲಿಯಮ್ ರುಬ್ರಮ್, ಎಂಟು ಕರಬಳ್ಳಿಗಳ ಜೀವಿ. ಕಲ್ಲಿನಷ್ಟು ಗಟ್ಟಿಯಾದರೂ ಅದು ಮೃದು ಹವಳಗಳ ಬಳಗಕ್ಕೇ ಸೇರಿದ್ದು. ಆಯುರ್ವೇದದ ಪ್ರವಾಳ ಭಸ್ಮ ತಯಾರಾಗುವುದು ಹವಳವನ್ನು ಸುಟ್ಟು. ಅದರಲ್ಲಿರುವುದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಇಂದಿನ ರಸಾಯನಶಾಸ್ತ್ರಜ್ಞರು ಹುಡುಕುತ್ತಿರುವುದು ಸುಟ್ಟರೆ ಉಳಿಯದ ವಸ್ತುವನ್ನು, ಈ ಬಳಗದ ಮೆತ್ತನೆಯ ಮಾಂಸದಲ್ಲಿ ಅಡಗಿರುವ ಅಣುಗಳನ್ನು.

ಮೃದು ಹವಳದ ಚೂರೊಂದನ್ನು ಬ್ಲೀಚ್ ದ್ರಾವಣದಲ್ಲಿಟ್ಟರೆ ಮಾಂಸವೆಲ್ಲ ಕರಗಿ, ತಳದಲ್ಲಿ ಬಿಳಿಯ ಹರಳಿನ ಪುಡಿ ಉಳಿಯುತ್ತದೆ. ಸೂಕ್ಷ್ಮದರ್ಶಕದಡಿ ನೋಡಿದರೆ ಆ ಪುಡಿಯ ಕಣಕಣಕ್ಕೂ ಆಕಾರವಿದೆ: ಗಂಟುಗಂಟಾದ ಕಡ್ಡಿಗಳು, ಮುಳ್ಳು ಎದ್ದ ದಿಂಡುಗಳು. ಸ್ಕ್ಲೆರೈಟ್ ಎಂದು ಕರೆಯುವ ಈ ಸುಣ್ಣದ ಮುಳ್ಳುಗಳೇ ದೇಹಕ್ಕೆ ಆಧಾರ. ಪ್ರಭೇದ ಯಾವುದೆಂದು ತಜ್ಞರು ಗುರುತಿಸುವುದೂ ಬಹುಮಟ್ಟಿಗೆ ಇವುಗಳ ಆಕಾರದಿಂದಲೇ. ಸಿನುಲೇರಿಯ ಕುಲದ ಕೆಲವು ಹವಳಗಳ ಬುಡದಲ್ಲಿ ಈ ಮುಳ್ಳುಗಳು ಒತ್ತಾಗಿ ಬೆಸೆದುಕೊಂಡು ಬಂಡೆಯೇ ಆಗುವುದುಂಟು.

ಊಟದ ದಾರಿ ಎಲ್ಲಕ್ಕೂ ಒಂದೇ ಅಲ್ಲ. ಬಿಸಿಲು ಬೀಳುವ ತೆಳುನೀರಿನ ಅನೇಕ ಹವಳಗಳು ತಮ್ಮ ಅಂಗಾಂಶದೊಳಗೆ ಪಾಚಿಗಳನ್ನು ಸಾಕಿಕೊಂಡು, ಅವು ತಯಾರಿಸುವ ಸಕ್ಕರೆಯಲ್ಲಿ ಪಾಲು ಪಡೆಯುತ್ತವೆ. ಕಡು ಕೆಂಪು, ನೇರಳೆ ಬಣ್ಣಗಳ ಡೆಂಡ್ರೊನೆಫ್ತಿಯದಲ್ಲಿ ಈ ಪಾಚಿ ಇಲ್ಲ. ಅದು ಹರಿವ ನೀರಿನಿಂದ ಸಸ್ಯಪ್ಲವಕಗಳನ್ನು ಸೋಸಿ ತಿನ್ನುತ್ತದೆ. ಕ್ಸೀನಿಯ ಬಳಗದ ಪಾಲಿಪ್‌ಗಳದ್ದು ಇನ್ನೊಂದು ಬಗೆ. ಅವುಗಳಲ್ಲಿ ಹಲವು ಮುಷ್ಟಿ ಬಿಚ್ಚಿ ಮುಚ್ಚಿದ ಹಾಗೆ ಬಹುತೇಕ ಬಿಡುವಿಲ್ಲದೆ ಮಿಡಿಯುತ್ತಿರುತ್ತವೆ. ಹೀಗೆ ಮಿಡಿದಾಗ ಸುತ್ತಲಿನ ನೀರು ಕದಡಿ, ಪಾಚಿಗಳು ಬಿಟ್ಟ ಆಮ್ಲಜನಕ ದೂರ ಸರಿಯುತ್ತದೆ, ದ್ಯುತಿಸಂಶ್ಲೇಷಣೆ ಚುರುಕಾಗುತ್ತದೆ. ಕೆಂಪು ಸಮುದ್ರದ ಹೆಟೆರೊಕ್ಸೀನಿಯ ಹವಳದ ಮೇಲೆ ನಡೆದ ಅಧ್ಯಯನ 2013ರಲ್ಲಿ ಇದನ್ನು ತೋರಿಸಿಕೊಟ್ಟಿತು. ಮೈ ಚೊಕ್ಕಟ ಮಾಡಿಕೊಳ್ಳುವ ಬಗೆಯೂ ಇವುಗಳಿಗಿದೆ. ಅಣಬೆಯಾಕಾರದ ಸಾರ್ಕೊಫೈಟನ್ ಆಗಾಗ ಕೆಲವು ದಿನ ಪಾಲಿಪ್‌ಗಳನ್ನೆಲ್ಲ ಒಳಗೆಳೆದುಕೊಂಡು ಸುಮ್ಮನಾಗುತ್ತದೆ. ಮೈ ಮೇಣ ಬಳಿದಷ್ಟು ಹೊಳಪಾಗುತ್ತದೆ. ಆಮೇಲೆ ಮೈ ಮೇಲಿನ ತೆಳುಪೊರೆ ಕಳಚಿ ನೀರಿಗೆ ಬೀಳುತ್ತದೆ, ಅದರೊಂದಿಗೆ ಮೈಗೆ ಹತ್ತಿದ್ದ ಪಾಚಿ, ಕೊಳೆ ಎಲ್ಲ ಹೋಗುತ್ತದೆ.

ಓಡಲಾರದ, ಚಿಪ್ಪೂ ಇಲ್ಲದ ಇಂಥ ಮಾಂಸಲ ಜೀವಿಯನ್ನು ಮೀನುಗಳು ತಿಂದು ಮುಗಿಸುವುದಿಲ್ಲ ಏಕೆ? ಆಸ್ಟ್ರೇಲಿಯದ ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ಜಾನ್ ಕಾಲ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಈ ಪ್ರಶ್ನೆಯ ಬೆನ್ನು ಹತ್ತಿದರು. ಗ್ರೇಟ್ ಬ್ಯಾರಿಯರ್ ರೀಫ್‌ನ ಅನೇಕ ಮೃದು ಹವಳಗಳ ಸಾರ ಮೀನುಗಳಿಗೆ ವಿಷವೆಂದು ತಿಳಿದುಬಂತು. ಕೆಲವು ಮೃದು ಹವಳಗಳು ಪಕ್ಕದ ಗಟ್ಟಿ ಹವಳವನ್ನು ಮುಟ್ಟದೆಯೇ ಅದರ ಅಂಗಾಂಶವನ್ನು ಸಾಯಿಸಬಲ್ಲವು ಎಂಬುದೂ ಗೊತ್ತಾಯಿತು. ಈ ಆಯುಧಗಳಲ್ಲಿ ಹೆಚ್ಚಿನವು ಇಂಗಾಲಯುಕ್ತ ಅಣುಗಳಾದ ಟರ್ಪೀನ್‌ಗಳು. ಅದರಲ್ಲೂ ಹದಿನಾಲ್ಕು ಇಂಗಾಲದ ಪರಮಾಣುಗಳ ದೊಡ್ಡ ಉಂಗುರವಿರುವ ಸೆಂಬ್ರನಾಯ್ಡ್‌ಗಳು ಈ ಬಳಗದಲ್ಲಿ ಧಾರಾಳ. ಶತ್ರುವಿನ ಜೀವಕೋಶವನ್ನು ಕೆಡಿಸಬಲ್ಲ ಅಣು, ಸರಿಯಾದ ಪ್ರಮಾಣದಲ್ಲಿ ರೋಗದ ಕೋಶವನ್ನೂ ತಡೆದೀತು ಎಂಬುದೇ ವೈದ್ಯಲೋಕದ ಆಸಕ್ತಿಗೆ ಕಾರಣ.

ಈ ಆಸಕ್ತಿಗೆ ಕಿಡಿ ಹಚ್ಚಿದ್ದು 1969ರ ಒಂದು ಶೋಧ. ಪ್ರೊಸ್ಟಗ್ಲಾಂಡಿನ್ ಎಂಬ ಹಾರ್ಮೋನಿನಂಥ ವಸ್ತುವನ್ನು ಆಗ ಕುರಿಯ ಗ್ರಂಥಿಗಳಿಂದ ಚೂರುಚೂರೇ ಸಂಗ್ರಹಿಸಬೇಕಿತ್ತು. ಕೆರಿಬಿಯನ್ ಸಮುದ್ರದ ಪ್ಲೆಕ್ಸಾರ ಹೊಮೊಮಲ್ಲ ಹವಳದಲ್ಲಿ ಅದರ ರೂಪಗಳು ಒಣ ತೂಕದ ಶೇಕಡ ಒಂದಕ್ಕೂ ಮೀರಿ ಇರುವುದನ್ನು ಅಮೆರಿಕದ ವೈನ್‌ಹೈಮರ್ ಮತ್ತು ಸ್ಪ್ರಾಗಿನ್ಸ್ ಕಂಡುಹಿಡಿದರು. ಔಷಧ ಕಂಪನಿಗಳ ಕಣ್ಣು ಹವಳದ ದಿಬ್ಬಗಳ ಮೇಲೆ ಬಿತ್ತು. ಅಷ್ಟರಲ್ಲೇ ಪ್ರಯೋಗಾಲಯದಲ್ಲಿ ಪ್ರೊಸ್ಟಗ್ಲಾಂಡಿನ್ ತಯಾರಿಸುವ ದಾರಿ ತೆರೆದದ್ದು ಆ ಹವಳದ ಪುಣ್ಯ.

ಬಹಾಮಾಸ್ ದ್ವೀಪಗಳ ಸುತ್ತಲಿನ ಕಡಲ ಬೀಸಣಿಗೆ ಎಂಬ ಕವಲೊಡೆವ ಮೃದು ಹವಳವೊಂದರಿಂದ 1986ರಲ್ಲಿ ರಸಾಯನಶಾಸ್ತ್ರಜ್ಞ ವಿಲಿಯಂ ಫೆನಿಕಲ್ ತಂಡ ಉರಿಯೂತ ತಗ್ಗಿಸುವ ಸ್ಯೂಡೊಟೆರೊಸಿನ್‌ಗಳನ್ನು ವರದಿ ಮಾಡಿತು. ಅದರ ಸಾರ ಎಸ್ಟೀ ಲಾಡರ್ ಕಂಪನಿಯ ಮುಖದ ಕ್ರೀಮಿಗೆ ಸೇರಿತು. ಬುಡ ಉಳಿಸಿ ಮೇಲಿನ ಟೊಂಗೆಗಳನ್ನಷ್ಟೇ ಕತ್ತರಿಸಿ, ಮತ್ತೆ ಚಿಗುರಲು ಬಿಡುವ ಪದ್ಧತಿ ಅಲ್ಲಿ ಬಂದದ್ದು ಮೆಚ್ಚಬೇಕಾದ ಸಂಗತಿ.

ಎಲ್ಯುಥೆರೋಬಿನ್‌ಗೆ ಮಾರುಕಟ್ಟೆ ತಲುಪುವ ಅದೃಷ್ಟವಿರಲಿಲ್ಲ. ಪಶ್ಚಿಮ ಆಸ್ಟ್ರೇಲಿಯದ ಕಡಲಿನ ಅಪರೂಪದ ಹವಳವೊಂದರಲ್ಲಿ ಸಿಕ್ಕ ಈ ಅಣುವಿನ ರಚನೆ 1997ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಔಷಧ ಟ್ಯಾಕ್ಸಾಲ್ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ: ಕೋಶ ಇಬ್ಭಾಗವಾಗಲು ಬೇಕಾದ ಸೂಕ್ಷ್ಮನಾಳಗಳನ್ನು ಬಿಚ್ಚಿಕೊಳ್ಳದಂತೆ ಬಿಗಿದು ವಿಭಜನೆ ನಿಲ್ಲಿಸುತ್ತದೆ. ಅದೇ ವರ್ಷ ರಸಾಯನಶಾಸ್ತ್ರಜ್ಞ ನಿಕೊಲೌ ತಂಡ, ಮರುವರ್ಷ ಡ್ಯಾನಿಶೆಫ್‌ಸ್ಕಿ ತಂಡ ಅದನ್ನು ಪ್ರಯೋಗಾಲಯದಲ್ಲಿ ಕಟ್ಟಿದವು. ಆದರೆ ಹಂತಗಳು ಅತಿಯಾಗಿ, ಔಷಧ ಪರೀಕ್ಷೆಗೆ ಬೇಕಾದಷ್ಟು ಸರಕು ಒದಗಲಿಲ್ಲ. ಮೃದು ಹವಳಗಳಿಂದ ಸಾವಿರಾರು ಅಣುಗಳು ಹೊರಬಂದರೂ ಆಸ್ಪತ್ರೆ ತಲುಪುವ ಮೊದಲೇ ನಿಂತುಹೋಗಲು ದೊಡ್ಡ ಕಾರಣ ಈ ಕೊರತೆಯೇ.

ಇಂಥ ಅಣುಗಳನ್ನು ಹವಳದೊಳಗಿನ ಬ್ಯಾಕ್ಟೀರಿಯಗಳೋ ಪಾಚಿಗಳೋ ತಯಾರಿಸುತ್ತಿರಬಹುದೆಂಬ ಊಹೆ ಬಹುಕಾಲ ಇತ್ತು. ಯೂಟಾ ವಿಶ್ವವಿದ್ಯಾಲಯದ ಎರಿಕ್ ಶ್ಮಿಟ್ ತಂಡ ಮತ್ತು ಸ್ಕ್ರಿಪ್ಸ್ ಸಂಸ್ಥೆಯ ಬ್ರಾಡ್ಲಿ ಮೂರ್ ತಂಡ 2022ರಲ್ಲಿ, ಬೇರೆ ಬೇರೆಯಾಗಿ ಕೆಲಸ ಮಾಡಿ, ಟರ್ಪೀನ್ ಕಟ್ಟುವ ಕಿಣ್ವಗಳ ವಂಶವಾಹಿಗಳು ಹವಳದ ಸ್ವಂತ ಜೀನೋಮಿನಲ್ಲೇ ಇವೆ ಎಂದು ತೋರಿಸಿದವು. ಆ ವಂಶವಾಹಿಗಳನ್ನು ಪ್ರಯೋಗಾಲಯದ ಬ್ಯಾಕ್ಟೀರಿಯಕ್ಕೆ ಸೇರಿಸಿದಾಗ ಅಣುವಿನ ಮೂಲ ಚೌಕಟ್ಟು ತಯಾರಾಯಿತು. ಔಷಧವಾಗಿಸಲು ಆ ಚೌಕಟ್ಟಿಗೆ ಆಮ್ಲಜನಕ ಕೂಡಿಸಬೇಕು. ಎಲ್ಯುಥೆರೋಬಿನ್‌ನಲ್ಲಾದರೆ ಅರಾಬಿನೋಸ್ ಸಕ್ಕರೆಯನ್ನೂ ಜೋಡಿಸಬೇಕು. ಆ ಮುಂದಿನ ಹಂತಗಳನ್ನೂ ಬ್ಯಾಕ್ಟೀರಿಯ ಅಥವಾ ಯೀಸ್ಟ್‌ನಿಂದ ಮಾಡಿಸಲು ಸಾಧ್ಯವಾದರೆ, ಸಮುದ್ರದಿಂದ ಬೇಕಾಗುವುದು ಉಗುರಿನಷ್ಟು ಚೂರು ಮಾತ್ರ. ಭಾರತದಲ್ಲಿ ಕಡಲ ಬೀಸಣಿಗೆಗಳೆಲ್ಲ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿವೆ. ಹಾಗಾಗಿ ಅಂಡಮಾನ್, ಲಕ್ಷದ್ವೀಪ, ಮನ್ನಾರ್ ಕೊಲ್ಲಿಯ ಹವಳಗಳನ್ನು ಅಭ್ಯಸಿಸುವವರಿಗೂ ಕಡಲನ್ನು ಬರಿದು ಮಾಡದ ಈ ದಾರಿಯೇ ಒಗ್ಗುವಂಥದ್ದು.