ಗಡಿಯಾಚೆಯ ಹೈಸ್ಕೂಲು

ಆನೆಗೊಂದಿಯ ದಡದಲ್ಲಿ ಕ್ಯಾಮೆರಾ ಇಟ್ಟು ನಿಂತರೆ ಎದುರಿಗೆ ಹಂಪಿಯ ಕಡೆಯ ಬಂಡೆಗುಡ್ಡಗಳು ಕೈಗೆ ಎಟಕುವಂತೆ ಕಾಣುತ್ತವೆ. ನಡುವೆ ತುಂಗಭದ್ರೆ. ಹರಿಗೋಲಿನಲ್ಲಿ ಕುಳಿತರೆ ಕೆಲವೇ ನಿಮಿಷಗಳ ದಾರಿ. ಆದರೆ 1948ಕ್ಕೆ ಮೊದಲು ಹೀಗೆ ಹೊಳೆ ದಾಟಿದವನು ಒಂದು ದೇಶ ಬಿಟ್ಟು ಇನ್ನೊಂದು ದೇಶಕ್ಕೆ ಕಾಲಿಡುತ್ತಿದ್ದ. ಈಚೆಯ ದಡ ಹೈದರಾಬಾದಿನ ನಿಜಾಮರದು, ಆಚೆಯ ದಡ ಬ್ರಿಟಿಷರ ಮದರಾಸು ಪ್ರಾಂತದ್ದು. ಎರಡೂ ಕಡೆ ಮಾತು ಮಾತ್ರ ಕನ್ನಡವೇ.

ವಿದ್ಯಾರ್ಥಿ ಮಿತ್ರರೇ, ದುಬೈಯಲ್ಲೋ ಮಸ್ಕತ್ತಿನಲ್ಲೋ ಕೆಲಸಕ್ಕಿರುವ ನಮ್ಮವರು ಮಗನಿಗೆ ಹನ್ನೆರಡು ವರ್ಷ ತುಂಬುತ್ತಿದ್ದಂತೆ ಚಿಂತೆಗೆ ಬೀಳುವುದನ್ನು ನೀವು ಕೇಳಿರಬಹುದು. ಅಲ್ಲಿನ ಶಾಲೆಯೋ, ಭಾರತದ ಪಠ್ಯಕ್ರಮದ ಶಾಲೆಯೋ, ಅಥವಾ ಊರಿನಲ್ಲಿ ಅಜ್ಜ ಅಜ್ಜಿಯ ಹತ್ತಿರ ಬಿಟ್ಟು ಓದಿಸುವುದೋ? ಯಾವ ಭಾಷೆ, ಯಾವ ಪರೀಕ್ಷೆ, ಆ ಸರ್ಟಿಫಿಕೇಟಿಗೆ ನಾಳೆ ಎಲ್ಲಿ ಬೆಲೆ? ಇದು ವಿಮಾನದ ಕಾಲದ ಹೊಸ ಚಿಂತೆ ಎಂದು ನಾವು ತಿಳಿದಿದ್ದೇವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಮನೆಗಳು ಇದೇ ಲೆಕ್ಕವನ್ನು ಸುಮಾರು ಮೂವತ್ತು ವರ್ಷ ಹಾಕಿದವು. ವ್ಯತ್ಯಾಸವೆಂದರೆ ಆ ಕುಟುಂಬಗಳು ಎಲ್ಲಿಗೂ ವಲಸೆ ಹೋಗಿರಲಿಲ್ಲ. ತಮ್ಮ ಮನೆಯ ಪಡಸಾಲೆಯಲ್ಲಿ ಕುಳಿತೇ ಅವರು ಪರಭಾಷೆಯ ಆಡಳಿತದಲ್ಲಿದ್ದರು.

ಈಗ ಕೊಪ್ಪಳ ಜಿಲ್ಲೆ ಎಂದು ನೀವು ಕರೆಯುವುದು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರೆಯಾದದ್ದು. ಆಗ ಅದಕ್ಕೆ ಈ ನಾಲ್ಕೇ ತಾಲ್ಲೂಕುಗಳು. ಅದಕ್ಕೂ ಹಿಂದೆ, 1956ರ ನವೆಂಬರ್ 1ರವರೆಗೆ, ರಾಯಚೂರು ಜಿಲ್ಲೆಯೇ ಹೈದರಾಬಾದ್ ರಾಜ್ಯದೊಳಗಿತ್ತು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರು. ನಕ್ಷೆ ತೆರೆದು ನೋಡಿ: ಈ ಪ್ರದೇಶ ನಿಜಾಮರ ರಾಜ್ಯದ ತೀರಾ ಅಂಚು. ಪಶ್ಚಿಮಕ್ಕೆ ಗದಗ, ವಾಯವ್ಯಕ್ಕೆ ಹುನಗುಂದ, ಇವು ಮುಂಬಯಿ ಪ್ರಾಂತಕ್ಕೆ ಸೇರಿದವು. ದಕ್ಷಿಣಕ್ಕೆ ಹೊಳೆಯಾಚೆ ಹೊಸಪೇಟೆ, ಕಂಪ್ಲಿ, ಬಳ್ಳಾರಿ, ಇವು ಮದರಾಸಿನವು. ಅಂಚಿನಲ್ಲಿದ್ದುದರಿಂದಲೇ ಇಲ್ಲಿನವರಿಗೆ ಆಯ್ಕೆ ಎಂಬುದೊಂದಿತ್ತು. ರಾಜ್ಯದ ಒಳಗಡೆಯ ಹಳ್ಳಿಯವರಿಗೆ ಅದೂ ಇರಲಿಲ್ಲ.

ಪ್ರಾಥಮಿಕ ತರಗತಿಗಳಲ್ಲಿ ಕನ್ನಡ ಕಲಿಯಬಹುದಿತ್ತು. ತೊಡಕು ಶುರುವಾಗುತ್ತಿದ್ದುದು ಅಲ್ಲಿಂದ ಮೇಲೆ. 1917ರಲ್ಲಿ ನಿಜಾಮರು ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಫರ್ಮಾನು ಹೊರಡಿಸಿದರು, 1918ರಲ್ಲಿ ಅದು ಹುಟ್ಟಿತು. ಬೋಧನೆಯ ಭಾಷೆ ಉರ್ದು. ಕಾಲೇಜು ಉರ್ದುವಿನಲ್ಲಿ ನಡೆದರೆ ಅದಕ್ಕೆ ಹುಡುಗರನ್ನು ಸಿದ್ಧಪಡಿಸುವ ಹೈಸ್ಕೂಲೂ ಉರ್ದುವಿನಲ್ಲೇ ನಡೆಯಬೇಕಲ್ಲವೇ? ಕಚೇರಿಯ ಭಾಷೆ ಮೊದಲೇ ಉರ್ದು ಆಗಿತ್ತು. ರಾಜ್ಯದಲ್ಲಿ ಉರ್ದು ಮನೆಮಾತಿನವರು ಹತ್ತು ಜನರಲ್ಲಿ ಒಬ್ಬರ ಆಸುಪಾಸು, ಕನ್ನಡದವರೂ ಹೆಚ್ಚುಕಡಿಮೆ ಅಷ್ಟೇ. ಉಳಿದವರಲ್ಲಿ ಬಹುಪಾಲು ತೆಲುಗು, ಮರಾಠಿ ಮಾತಿನವರು.

ವಿಜ್ಞಾನ ಓದಿದವನಾಗಿ ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಭಾರತೀಯ ಭಾಷೆಯೊಂದರಲ್ಲಿ ಗಣಿತ, ಭೌತವಿಜ್ಞಾನ, ವೈದ್ಯಗಳನ್ನು ಪದವಿಯ ಮಟ್ಟದಲ್ಲಿ ಕಲಿಸಲು ಹೊರಟದ್ದು ಸಣ್ಣ ಸಾಹಸವಲ್ಲ. ಅದಕ್ಕೆಂದೇ ಅಲ್ಲಿ ಒಂದು ಅನುವಾದ ಸಂಸ್ಥೆ ಕೆಲಸ ಮಾಡಿತು, ಪುಸ್ತಕಗಳ ರಾಶಿಯನ್ನೇ ಉರ್ದುವಿಗೆ ತಂದಿತು. ಬೀಜಗಣಿತ ‘ಜಬರ್ ಒ ಮುಕಾಬಲಾ’ ಆಯಿತು, ರಸಾಯನಶಾಸ್ತ್ರ ‘ಕೀಮಿಯಾ’, ಭೌತವಿಜ್ಞಾನ ‘ತಬಿಯಾತ್’. ಇಂಗ್ಲಿಷಿನಲ್ಲಲ್ಲದೆ ವಿಜ್ಞಾನ ಬಾಯಿಗೆ ಬಾರದು ಎನ್ನುವವರಿಗೆ ಅದು ಆಗಲೇ ಸಿಕ್ಕಿದ್ದ ಉತ್ತರ. ಆದರೆ ಕುಷ್ಟಗಿಯ ಒಕ್ಕಲಿಗನ ಮಗನಿಗೆ ಇಂಗ್ಲಿಷ್ ಎಷ್ಟು ಹೊರಗಿನದೋ ಉರ್ದುವೂ ಬಹುಪಾಲು ಅಷ್ಟೇ ಹೊರಗಿನದು. ಅಕ್ಷರ ಬಲದಿಂದ ಎಡಕ್ಕೆ. ಸರ್ಕಾರಿ ವರ್ಷ ಫಸಲಿ. ಪುಸ್ತಕದ ಮೇಲೆ 1340 ಎಂದು ಬರೆದಿದ್ದರೆ ಅದಕ್ಕೆ 590 ಕೂಡಿಸಿ 1930 ಎಂದು ತಿಳಿಯಬೇಕು. ವಾರದ ರಜೆ ಶುಕ್ರವಾರ.

ಹಾಗಾದರೆ ಕನ್ನಡದಲ್ಲಿ ಖಾಸಗಿ ಶಾಲೆ ತೆರೆಯಬಹುದಿತ್ತಲ್ಲ ಎನ್ನುತ್ತೀರಿ. ತೆರೆದರು. ಕಲಬುರ್ಗಿಯಲ್ಲಿ 1907ರಲ್ಲೇ ನೂತನ ವಿದ್ಯಾಲಯ ಹುಟ್ಟಿತ್ತು. ರಾಯಚೂರಿನಲ್ಲಿ 1920ರಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆ ಕಟ್ಟಿದರು. ನಮ್ಮ ಕುಕನೂರಿನಲ್ಲಿ 1920ರ ದಶಕದಲ್ಲಿ ವಿದ್ಯಾನಂದ ಗುರುಕುಲ ಎದ್ದಿತು. ಆದರೆ ಖಾಸಗಿ ಶಾಲೆ ನಡೆಸಲು ಸರ್ಕಾರದ ಅನುಮತಿ ಬೇಕಿತ್ತು, ಅನುಮತಿಯ ಹಿಂದೆಯೇ ಅನುಮಾನವೂ ಬರುತ್ತಿತ್ತು. ತಾರಾನಾಥರು ಕೊನೆಗೆ ರಾಯಚೂರು ಬಿಟ್ಟು ತುಂಗಭದ್ರೆಯ ಮದರಾಸಿನ ದಡದಲ್ಲಿ ‘ಪ್ರೇಮಾಯತನ’ ಎಂಬ ಆಶ್ರಮ ಕಟ್ಟಿಕೊಂಡರು. ಶಿಕ್ಷಕರೇ ಹೊಳೆ ದಾಟುವ ಕಾಲದಲ್ಲಿ ಹುಡುಗರು ದಾಟಿದ್ದರಲ್ಲಿ ಆಶ್ಚರ್ಯವೇನು?

ಈಗ ನೀವು ಯಲಬುರ್ಗಾದ ಕಡೆಯ ಒಬ್ಬ ಜಮೀನುದಾರರೆಂದು ಭಾವಿಸಿಕೊಳ್ಳಿ. ವರ್ಷ 1930 ಎಂದಿಟ್ಟುಕೊಳ್ಳೋಣ. ಮಗ ಊರಿನ ಶಾಲೆ ಮುಗಿಸಿದ್ದಾನೆ. ನಿಮ್ಮ ಮುಂದೆ ಮೂರು ದಾರಿ.

ಒಂದು, ರಾಯಚೂರು ಅಥವಾ ಕಲಬುರ್ಗಿ. ಅಲ್ಲಿ ಉರ್ದು ಹೈಸ್ಕೂಲು, ಉಸ್ಮಾನಿಯಾ ಮೆಟ್ರಿಕ್. ಪಾಸಾದರೆ ತಹಸೀಲು ಕಚೇರಿಯಲ್ಲೋ ಪೊಲೀಸಿನಲ್ಲೋ ಕರೋಡಗಿರಿ ಎನ್ನುತ್ತಿದ್ದ ಸುಂಕದ ಇಲಾಖೆಯಲ್ಲೋ ಕೆಲಸದ ಆಸೆ. ಆದರೆ ಒಂದು ಚೋದ್ಯ ಕೇಳಿ. ಕೊಪ್ಪಳದಿಂದ ತನ್ನದೇ ಜಿಲ್ಲಾ ಕೇಂದ್ರವಾದ ರಾಯಚೂರಿಗೆ ರೈಲಿನಲ್ಲಿ ಹೋಗಬೇಕಾದರೆ ಹುಡುಗ ಹೊಸಪೇಟೆ, ಬಳ್ಳಾರಿ, ಗುಂತಕಲ್ಲು ಸುತ್ತಿ, ಎಂದರೆ ಪರದೇಶದೊಳಗೆ ಹಾದು, ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಿ ಮತ್ತೆ ಸ್ವದೇಶ ಸೇರಬೇಕು. ಇಲ್ಲವೇ ಗಂಗಾವತಿ, ಸಿಂಧನೂರು, ಮಾನ್ವಿಯ ರಸ್ತೆ ಹಿಡಿಯಬೇಕು, ಮಳೆಗಾಲದಲ್ಲಿ ಎರೆಮಣ್ಣಿನ ರಸ್ತೆ ಹೇಗಿರುತ್ತದೆಂದು ಆ ಭಾಗದವರಿಗೆ ಗೊತ್ತು.

ಎರಡು, ಗದಗ ಅಥವಾ ಧಾರವಾಡ. 1880ರ ದಶಕದಲ್ಲಿ ಬಂದ ಮೀಟರ್ ಗೇಜ್ ರೈಲು ಕೊಪ್ಪಳದಿಂದ ಗದಗಿಗೆ ಸುಮಾರು ಅರವತ್ತು ಕಿಲೋಮೀಟರು. ತಳಕಲ್ಲು ದಾಟಿ ಸ್ವಲ್ಪ ಹೊತ್ತಿಗೆ ಮುಂಬಯಿ ಪ್ರಾಂತ. ಗದಗಿನಲ್ಲಿ ವಿದ್ಯಾದಾನ ಸಮಿತಿಯ ಹೈಸ್ಕೂಲು, ಧಾರವಾಡದಲ್ಲಿ ಬಾಸೆಲ್ ಮಿಷನ್ ಹೈಸ್ಕೂಲು, ಮುಂದೆ ಓದುವವನಿಗೆ 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು. ಕುಷ್ಟಗಿಯವರಿಗೆ ರೈಲಿರಲಿಲ್ಲ. ಅವರು ಚಕ್ಕಡಿ ಹೂಡಿಕೊಂಡು ಇಳಕಲ್ಲು, ಹುನಗುಂದ, ಬಾಗಲಕೋಟೆಯ ದಾರಿ ಹಿಡಿಯುತ್ತಿದ್ದರು.

ಮೂರು, ಗಂಗಾವತಿ ಸೀಮೆಯವರಿಗೆ ಅನುಕೂಲವಾದ ಹೊಸಪೇಟೆ, ಬಳ್ಳಾರಿ. ಬಳ್ಳಾರಿಯ ವಾರ್ಡ್ಲಾ ಹೈಸ್ಕೂಲಿಗೆ ಹಳೆಯ ಹೆಸರು. ಅಲ್ಲಿ ಮದರಾಸಿನ ಎಸ್.ಎಸ್.ಎಲ್.ಸಿ.

ಹೀಗೆ ಒಂದೇ ಸೀಮೆಯ ಮೂವರು ಹುಡುಗರು ಮೂರು ಸರ್ಕಾರಗಳ ಮೂರು ಪರೀಕ್ಷೆಗೆ ಕೂರುತ್ತಿದ್ದರು. ಗಡಿಯಾಚೆ ಹೋದವರಿಗೆಲ್ಲ ಕನ್ನಡದಲ್ಲಿ ಪಾಠ ಸಿಕ್ಕಿತೆಂದು ತಿಳಿಯಬೇಡಿ. ಅಲ್ಲಿಯೂ ಹೈಸ್ಕೂಲಿನ ಮೇಲಿನ ತರಗತಿಗಳಲ್ಲಿ ಬಹುಕಾಲ ಇಂಗ್ಲಿಷಿನದೇ ದರ್ಬಾರು, ಕನ್ನಡ ಒಂದು ವಿಷಯ ಮಾತ್ರ. ಆದರೂ ಅದು ಮರ್ಯಾದೆಯಿದ್ದ ವಿಷಯ. ಗುರುಗಳು ಕನ್ನಡದಲ್ಲಿ ಬರೆಯುವವರು. ಊರಿನಲ್ಲಿ ಕನ್ನಡ ಪತ್ರಿಕೆ, ನಾಟಕ, ಸಭೆ. ಹುಡುಗ ರಜೆಗೆ ಬರುವಾಗ ಟ್ರಂಕಿನಲ್ಲಿ ಕನ್ನಡದ ಪುಸ್ತಕ ಇರುತ್ತಿತ್ತು. ಮನೆಯವರು ಖರ್ಚು ಮಾಡುತ್ತಿದ್ದುದು ಬಹುಶಃ ಅದಕ್ಕೇ.

ಖರ್ಚಿನ ಮಾತು ಬಂತು. ನಿಜಾಮರದು ಹಾಲಿ ಸಿಕ್ಕಾ ರೂಪಾಯಿ, ಬ್ರಿಟಿಷರದು ಕಲ್ದಾರ್ ರೂಪಾಯಿ. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್. ಗದಗಿನಲ್ಲಿ ಹುಡುಗನಿಗೆ ತಿಂಗಳಿಗೆ 12 ರೂಪಾಯಿ ಬೇಕಾದರೆ ಯಲಬುರ್ಗಾದ ತಂದೆ 14 ರೂಪಾಯಿ ಎಣಿಸಬೇಕು. ಪರದೇಶದ ವಿದ್ಯೆಗೆ ವಿನಿಮಯ ದರದ ಕಾಟ ಆಗಲೂ ಇತ್ತು ನೋಡಿ. ಗಡಿಯಲ್ಲಿ ಸುಂಕದ ಚೌಕಿ ಬೇರೆ.

ಇಷ್ಟು ಹಣವಿಲ್ಲದವರಿಗೆ ಧರ್ಮದ ಅನ್ನವೇ ಗತಿ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರ ಪಟ್ಟಿ ದೊಡ್ಡದು. ಬ್ರಾಹ್ಮಣ ಹುಡುಗರು ವಾರಾನ್ನ ಹಿಡಿಯುತ್ತಿದ್ದರು, ಎಂದರೆ ವಾರದ ಏಳು ದಿನಕ್ಕೆ ಏಳು ಮನೆಯ ಊಟ. ಯಾವ ಮಠವೂ ಯಾವ ಮನೆಯೂ ಕರೆಯದ ಜಾತಿಗಳ ಹುಡುಗರಿಗೆ ಗಡಿ ಹತ್ತಿರವಿದ್ದೂ ಬಹಳ ದೂರವಿತ್ತು. ಹೆಣ್ಣುಮಕ್ಕಳ ಮಾತು ಈ ಲೆಕ್ಕದೊಳಗೆ ಬರುತ್ತಲೇ ಇರಲಿಲ್ಲ. ನಾನು ಇಲ್ಲಿ ‘ಮಗ, ಮಗ’ ಎಂದು ಬರೆಯುತ್ತಿರುವುದು ಮರೆವಿನಿಂದಲ್ಲ.

ನಮ್ಮ ಮುತ್ತಜ್ಜ ಈ ಸಮಸ್ಯೆಯನ್ನು ಒಕ್ಕಲುತನದ ರೀತಿಯಲ್ಲಿ ಬಿಡಿಸಿದರು. ಅವರಿಗೆ ಇಬ್ಬರು ಗಂಡುಮಕ್ಕಳು. “ಮುಂಗಾರಿ ಕೈಕೊಟ್ರ ಹಿಂಗಾರಿ ಹಿಡೀತೈತಿ” ಎಂದು ಹಿರಿಯನನ್ನು ಗದಗಿಗೆ ಕಳಿಸಿದರು, ಕಿರಿಯನನ್ನು ಉರ್ದು ಶಾಲೆಗೆ ಹಾಕಿದರು. ಆ ಕಿರಿಯರೇ ನನ್ನ ಅಜ್ಜ. ಅಣ್ಣ ತಮ್ಮ ರಜೆಯಲ್ಲಿ ಕೂಡಿದಾಗ ಒಬ್ಬರ ಪುಸ್ತಕವನ್ನು ಇನ್ನೊಬ್ಬರು ತೆರೆದರೆ ಯಾವ ಕಡೆಯಿಂದ ತೆರೆಯಬೇಕೆಂಬುದೇ ಜಗಳವಾಗುತ್ತಿತ್ತಂತೆ. ನಮ್ಮ ಮನೆಯಲ್ಲಿ ನಗುತ್ತ ಹೇಳುವ ಕತೆ ಇದು. ಆದರೆ ಅಣ್ಣನ ಬಗ್ಗೆ ಅಜ್ಜನ ಮನಸ್ಸಿನಲ್ಲಿ ಕೊನೆಯವರೆಗೂ ಒಂದು ಸಣ್ಣ ಮುಳ್ಳಿತ್ತು. ತನ್ನನ್ನು ಹಿಂಗಾರಿ ಮಾಡಿದರು ಎಂಬುದು.

ಉರ್ದು ದಾರಿ ಹಿಡಿದವರೆಲ್ಲ ಕನ್ನಡಕ್ಕೆ ಎರವಾದರೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಉಸ್ಮಾನಿಯಾದಲ್ಲೇ ಓದಿದರು, ಹೈದರಾಬಾದಿನ ಸಿವಿಲ್ ಸರ್ವಿಸ್ ಸೇರಿದರು, ಮುಂದೆ ಐ.ಎ.ಎಸ್. ಅಧಿಕಾರಿಯಾದರು. ಅವರೇ ‘ಕಾವ್ಯಾನಂದ’ ಎಂಬ ಹೆಸರಿನ ಕನ್ನಡ ಕವಿ. ಉರ್ದು ಅವರಿಗೆ ಶತ್ರುವಾಗಲಿಲ್ಲ, ಇನ್ನೊಂದು ಆಸ್ತಿಯಾಯಿತು. ಆದರೆ ಎಲ್ಲರೂ ಪುರಾಣಿಕರಲ್ಲ. ಹೊರಗಿನ ಭಾಷೆಯಲ್ಲಿ ಎಡವಿ ಮಿಡ್ಲ್ ಸ್ಕೂಲಿಗೇ ಓದು ನಿಲ್ಲಿಸಿ ಎತ್ತಿನ ಹಿಂದೆ ಹೋದವರ ಹೆಸರು ಯಾವ ಪುಸ್ತಕದಲ್ಲೂ ಬರುವುದಿಲ್ಲ.

1938ರ ಕೊನೆಗೆ ದಾರಿಗಳು ಕಲಸಿಹೋದವು. ಉಸ್ಮಾನಿಯಾದ ಹಾಸ್ಟೆಲುಗಳಲ್ಲಿ ‘ವಂದೇ ಮಾತರಂ’ ಹಾಡಬಾರದೆಂದಾಗ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಕಿಚ್ಚು ಕಲಬುರ್ಗಿಯ ಕಾಲೇಜಿಗೂ ಹಬ್ಬಿತು. ಹೊರಹಾಕಿಸಿಕೊಂಡವರಿಗೆ ನಾಗಪುರ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ಹಾಗೆ ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದವರಲ್ಲಿ ತೆಲಂಗಾಣದ ಒಬ್ಬ ತರುಣ ಪಿ.ವಿ. ನರಸಿಂಹರಾವ್. 1991ರಲ್ಲಿ ಅವರು ದೇಶದ ಪ್ರಧಾನಿಯಾದರು.

1947ರ ಆಗಸ್ಟಿನ ನಂತರ ಈ ಗಡಿಗೆ ಬೇರೆಯೇ ಅರ್ಥ ಬಂತು. ಗದಗು, ಹೊಸಪೇಟೆ ಸ್ವತಂತ್ರ ಭಾರತ. ಕೊಪ್ಪಳ, ಗಂಗಾವತಿ ಇನ್ನೂ ಅಲ್ಲ. ಸ್ವಾಮಿ ರಮಾನಂದ ತೀರ್ಥರ ನಾಯಕತ್ವದಲ್ಲಿ ಸ್ಟೇಟ್ ಕಾಂಗ್ರೆಸ್ ಚಳವಳಿಗೆ ಕರೆಕೊಟ್ಟಾಗ ವಕೀಲರು ಕೋರ್ಟು ಬಿಟ್ಟರು, ಹುಡುಗರು ಶಾಲೆ ಬಿಟ್ಟರು. ರಜಾಕಾರರ ಹಾವಳಿಗೆ ಹೆದರಿ ಕುಟುಂಬಗಳೇ ಗಡಿ ದಾಟಿದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳತ್ವದಲ್ಲಿ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಮುಂದಾಳತ್ವದಲ್ಲಿ ಶಿಬಿರಗಳು ನಡೆದವು. ಗಡಿಯಾಚೆಗೆ ಪುಸ್ತಕ ಹಿಡಿದು ಹೋದ ಹುಡುಗರು ಈಗ ಅದೇ ದಾರಿಯಲ್ಲಿ ಬಂದೂಕು ಹಿಡಿದು ಈಚೆಗೆ ಬಂದರು. ಹಾದಿ, ಹಳ್ಳ, ಚೌಕಿ ಎಲ್ಲ ಪರಿಚಯವಿದ್ದದ್ದು ಅವರಿಗೇ. 1948ರ ಸೆಪ್ಟೆಂಬರ್ 17ರಂದು ನಿಜಾಮರು ಯುದ್ಧವಿರಾಮ ಘೋಷಿಸಿದರು. 1952ರ ಚುನಾವಣೆಯಲ್ಲಿ ಶಿವಮೂರ್ತಿಸ್ವಾಮಿಗಳು ಕುಷ್ಟಗಿ ಕ್ಷೇತ್ರದಿಂದ ಲೋಕಸಭೆಗೆ ಹೋದರು.

ಒಂದೆರಡು ವರ್ಷಗಳಲ್ಲಿ ಸರ್ಟಿಫಿಕೇಟುಗಳ ಬೆಲೆ ತಿರುಗುಮುರುಗಾಯಿತು. ಉಸ್ಮಾನಿಯಾ ಉರ್ದು ಬಿಟ್ಟು ಇಂಗ್ಲಿಷ್ ಹಿಡಿಯಿತು, ಶಾಲೆಗಳಿಗೆ ಕನ್ನಡ ಬಂತು. ಅಲ್ಲಿಯವರೆಗೆ ತನ್ನ ಊರಿನಲ್ಲೇ ನೌಕರಿ ಸಿಗದಿದ್ದ ದೊಡ್ಡಜ್ಜ ಕನ್ನಡ ಶಾಲೆಯ ಮಾಸ್ತರರಾದರು. ನಮ್ಮ ಅಜ್ಜನ ಮೆಟ್ರಿಕ್ ಪೆಟ್ಟಿಗೆ ಸೇರಿತು. ಆದರೆ ಹಳ್ಳಿಗಳ ಹಳೆಯ ಜಮೀನು ಕಾಗದಗಳು ಉರ್ದುವಿನಲ್ಲೇ ಉಳಿದವು. ತಕರಾರು ಬಂದಾಗಲೆಲ್ಲ ಜನ ಕಾಗದ ಹಿಡಿದುಕೊಂಡು ಅಜ್ಜನ ಕಟ್ಟೆಗೆ ಬರುತ್ತಿದ್ದರು. ಅಜ್ಜ ಕನ್ನಡಕ ಏರಿಸಿ ಬಲಗಡೆಯಿಂದ ಓದಿ, ಯಾರ ಹೊಲದ ಬದು ಎಲ್ಲಿಗೆ ಎಂದು ಹೇಳುತ್ತಿದ್ದರು.

1990ರ ದಶಕದಲ್ಲಿ ನಾನು ಹೈಸ್ಕೂಲಿನಲ್ಲಿದ್ದಾಗ ರೇಖಾಗಣಿತ ಹೇಳಿಕೊಟ್ಟವರೂ ಅವರೇ. ತ್ರಿಭುಜಕ್ಕೆ ಅವರ ಬಾಯಲ್ಲಿ ‘ಮುಸಲ್ಲಸ್’, ವರ್ಗಕ್ಕೆ ‘ಮುರಬ್ಬಾ’. ಪೈಥಾಗೊರಸನ ಪ್ರಮೇಯವನ್ನು ಹಲಗೆಯ ಮೇಲೆ ಬಿಡಿಸಿ, ಮೂರು ಮುರಬ್ಬಾ ಕೂಡಿಸಿ ತೋರಿಸಿ, “ಇದನ್ನ ನಿಮ್ಮ ಕನ್ನಡದಾಗ ಹ್ಯಾಂಗ ಬರೀತೀರಿ, ನೀನ ಬರಕೊ” ಎಂದು ಬಳಪವನ್ನು ನನ್ನ ಕೈಗೆ ಕೊಡುತ್ತಿದ್ದರು.